ಒಂದು ಒಪ್ಪಿಗೆ ಪತ್ರ, ಎರಡು ಉತ್ತರ: ಕೋವಿಡ್ ನಡುವೆ ಮಕ್ಕಳನ್ನು ಶಾಲೆಗೆ ಕಳಿಸುವ ತೀರ್ಮಾನ

ಹದಿನಾರು ತಿಂಗಳು ಮುಚ್ಚಿದ್ದ ಶಾಲೆ ಮತ್ತೆ ತೆರೆಯುವ ಸುದ್ದಿಯ ಜೊತೆಗೆ ಒಂದು ಒಪ್ಪಿಗೆ ಪತ್ರವೂ ಮನೆಗೆ ಬಂತು. ಅದರಲ್ಲಿ ಗುರುತು ಹಾಕಲು ಇದ್ದದ್ದು ಎರಡೇ ಚೌಕ: ‘ಕಳಿಸುತ್ತೇವೆ’, ‘ಕಳಿಸುವುದಿಲ್ಲ’. ಉತ್ತರ ಕೊಡಲು ಹತ್ತು ದಿನ. ಕಾಲ 2021ರ ಆಗಸ್ಟ್, ಡೆಲ್ಟಾ ತಳಿ ಹರಡುತ್ತಿದ್ದ ಹೊತ್ತು. ಮನೆಯಲ್ಲಿ ಐವರು: ಅಪ್ಪ, ಅಮ್ಮ, ಒಂಬತ್ತನೇ ತರಗತಿಯ 14 ವರ್ಷದ ಮಗಳು, ಎರಡನೇ ತರಗತಿಯ 7 ವರ್ಷದ ಮಗ, ಮತ್ತು 74 ವರ್ಷದ ಅಜ್ಜಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬಹುಕಾಲದ ಶ್ವಾಸಕೋಶದ ತೊಂದರೆ. ದೊಡ್ಡವರು ಮೂವರಿಗೂ ಲಸಿಕೆಯ ಎರಡು ಡೋಸ್ ಆಗಿತ್ತು, ಮಗಳಿಗೆ ಒಂದು. ಮಗನ ವಯಸ್ಸಿನವರಿಗೆ ಲಸಿಕೆ ಇನ್ನೂ ಸಿಗುತ್ತಿರಲಿಲ್ಲ.

ಈ ಮನೆ ನಾವು ಕಟ್ಟಿಕೊಂಡ ಮಾದರಿ, ಹದಿಹರೆಯದವರಿಗೆ ಆಗಲೇ ಲಸಿಕೆ ಶುರುವಾಗಿದ್ದ ಒಂದು ದೇಶದ್ದು ಎಂದುಕೊಳ್ಳಿ. ಇಲ್ಲಿನ ಜನರಾಗಲಿ ಶಾಲೆಯಾಗಲಿ ನಿಜವಲ್ಲ. ಆದರೆ ಅವರು ಬಳಸಿದ ವೈದ್ಯಕೀಯ ಅಂಶಗಳು ಮತ್ತು ಗಾಳಿಯ ಲೆಕ್ಕದ ವಿಧಾನ ನಿಜದ್ದೇ.

ಮೊದಲ ಮೂರು ದಿನ ಹೋದದ್ದು ಎಲ್ಲಿ

ಮೂರು ದಿನ ಗಂಡ ಹೆಂಡತಿ ಒಂದೇ ಪ್ರಶ್ನೆಯ ಸುತ್ತ ಸುತ್ತಿದರು: ಶಾಲೆ ಸುರಕ್ಷಿತವೇ? ಅಪ್ಪ ಹೌದು ಎಂದರೆ ಅಮ್ಮ ಇಲ್ಲ ಎನ್ನುತ್ತಿದ್ದರು, ಇಬ್ಬರ ಕೈಯಲ್ಲೂ ತಮ್ಮ ಮಾತಿಗೆ ಒಪ್ಪುವ ಸುದ್ದಿಗಳಿದ್ದವು. ಈ ಪ್ರಶ್ನೆ ಹಿಡಿದು ಕೂತರೆ ಯಾವ ಮನೆಯಲ್ಲೂ ಜಗಳ ಮುಗಿಯದು, ಏಕೆಂದರೆ ‘ಶಾಲೆ’ ಎಂಬುದು ಒಂದೇ ಜಾಗವಲ್ಲ. ವ್ಯಾನು, ತರಗತಿ, ಊಟದ ಬಿಡುವು, ಲ್ಯಾಬು, ಶಿಕ್ಷಕರ ಕೊಠಡಿ, ಒಂದೊಂದರ ಅಪಾಯವೂ ಬೇರೆ. ಮಗು ಮನೆಗೆ ಮರಳಿದ ಮೇಲೆ ಯಾರ ಪಕ್ಕ ಮಲಗುತ್ತದೆ ಎಂಬುದು ಇನ್ನೂ ಬೇರೆ.

ನಾಲ್ಕನೇ ದಿನ ಅವರು ಪ್ರಶ್ನೆಯನ್ನು ಮೂರಾಗಿ ಒಡೆದರು. ಸೋಂಕು ಮನೆಯೊಳಗೆ ಬಂದರೆ ಪೆಟ್ಟು ಯಾರಿಗೆ? ಆ ಮಗು ಕೂರುವ ಆ ಕೋಣೆಯ ಗಾಳಿ ಹೇಗಿದೆ? ಮಗು ಮನೆಯಲ್ಲೇ ಉಳಿದರೆ ಕಳೆದುಕೊಳ್ಳುವುದೇನು? ಮೂರಕ್ಕೂ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಉತ್ತರ ಬರಬಹುದೆಂದು ಒಪ್ಪಿಕೊಂಡದ್ದೇ ಮುಖ್ಯ ತಿರುವು.

ಯಾರಿಗೆ ಪೆಟ್ಟು

ಕೋವಿಡ್‌ನಲ್ಲಿ ವಯಸ್ಸಿನ ವ್ಯತ್ಯಾಸ ನಾವು ಊಹಿಸುವುದಕ್ಕಿಂತ ಬಹಳ ಕಡಿದು. ಲಸಿಕೆ ಬರುವ ಮೊದಲು, 2020ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಸೋಂಕು ತಗಲಿದ 10 ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ ಸುಮಾರು 2 ಸಾವು, 75 ವರ್ಷದವರಲ್ಲಿ ಲಕ್ಷಕ್ಕೆ ಸುಮಾರು 1,400. ಲಸಿಕೆ ದೊಡ್ಡವರ ಅಪಾಯವನ್ನು ತುಂಬಾ ಇಳಿಸಿತು, ನಿಜ. ಆದರೆ ವಯಸ್ಸಾದ, ಕಾಯಿಲೆ ಇರುವ ದೇಹದಲ್ಲಿ ರಕ್ಷಣೆ ಯುವಕರಲ್ಲಿನಷ್ಟು ಗಟ್ಟಿಯಾಗಿ ನಿಲ್ಲದಿರಬಹುದು. ಅಂದರೆ ಅಮ್ಮ ಹೆದರುತ್ತಿದ್ದುದು ಮಗನಿಗಾಗಿ, ಲೆಕ್ಕ ಬೊಟ್ಟು ಮಾಡುತ್ತಿದ್ದುದು ಅಜ್ಜಿಯ ಕಡೆಗೆ.

ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಇದರ ಅರ್ಥವಲ್ಲ. ಸೋಂಕು ತಗಲಿ ಎರಡರಿಂದ ಆರು ವಾರದ ನಂತರ ಕೆಲವೇ ಮಕ್ಕಳಲ್ಲಿ ಬಹು ಅಂಗಗಳ ಉರಿಯೂತ ಕಾಣಿಸಿಕೊಳ್ಳುತ್ತದೆ: ಬಿಡದ ಜ್ವರ, ಹೊಟ್ಟೆನೋವು, ಕೆಂಪಾದ ಕಣ್ಣು, ಮೈಮೇಲೆ ದದ್ದು. ಅಪರೂಪ, ಆದರೆ ಆಸ್ಪತ್ರೆಗೆ ತಡಮಾಡದೆ ಹೋಗಬೇಕಾದದ್ದು. ಆದ್ದರಿಂದ ಮಗುವಿಗೆ ಸೋಂಕು ಖಚಿತವಾದರೆ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಆರು ವಾರ ಗಮನವಿಡಬೇಕು.

ಇಷ್ಟೆಲ್ಲ ನಡೆಯುವಾಗ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ತಮ್ಮ ಮಗನಿಗೆ, ಅಂದರೆ ಮಕ್ಕಳ ಅಪ್ಪನಿಗೆ, ಹೇಳಿದ್ದು: “ನೋಡಪ್ಪಾ, ನನ್ನ ಹೆಸರು ಹೇಳಿ ಮಕ್ಕಳನ್ನ ಮನೇಲಿ ಕೂರಿಸಬೇಡಿ. ಆದ್ರೆ ನಂಗೂ ಸಾಯೋ ಆಸೆ ಇಲ್ಲ. ಏನೇನು ಮಾಡಬಹುದೋ ಅದನ್ನ ಮಾಡಿ, ಆಮೇಲೆ ಕಳಿಸಿ.” ಮೂವರು ದೊಡ್ಡವರಲ್ಲಿ ಅತ್ಯಂತ ಸ್ಪಷ್ಟವಾಗಿ ಮಾತಾಡಿದವರು ಅವರೇ. ಅಪಾಯ ಯಾರದೋ ಅವರ ಒಪ್ಪಿಗೆ ಇಲ್ಲದೆ ಪತ್ರಕ್ಕೆ ಸಹಿ ಹಾಕುವುದು ನ್ಯಾಯವಲ್ಲ.

ಕೋಣೆಯ ಗಾಳಿ

ಶಾಲೆ ತನ್ನ ಸಿದ್ಧತೆಯ ಪಟ್ಟಿ ಕಳಿಸಿತ್ತು: ದಿನಕ್ಕೆರಡು ಬಾರಿ ಬೆಂಚು ಒರೆಸುವುದು, ಗೇಟಿನಲ್ಲಿ ಜ್ವರ ನೋಡುವುದು, ಕೈಗೆ ಸ್ಯಾನಿಟೈಸರ್. ಪ್ರಾಮಾಣಿಕ ಶ್ರಮವೇ, ಆದರೆ ಬಹುಪಾಲು ತಪ್ಪು ಜಾಗದಲ್ಲಿ ಬಿದ್ದ ಶ್ರಮ. ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರ ಏಪ್ರಿಲ್‌ನಲ್ಲೇ ಹೇಳಿತ್ತು. ಜ್ವರ ನೋಡುವ ಗನ್ ಇನ್ನೂ ದುರ್ಬಲ. ಸೋಂಕು ತಗಲಿದ ಎಷ್ಟೋ ಮಕ್ಕಳಿಗೆ ಜ್ವರವೇ ಬರುವುದಿಲ್ಲ, ಬರುವವರೂ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತಿರುತ್ತಾರೆ. ಈ ವೈರಸ್ ಮುಖ್ಯವಾಗಿ ಓಡಾಡುವುದು ಉಸಿರಿನ ಗಾಳಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬಿಕೊಳ್ಳುವ ಹಾಗೆ.

ಹಾಗಾಗಿ ಅಪ್ಪ ಅಮ್ಮ ಶಾಲೆಗೆ ಹೋದಾಗ ಟೇಪು ಹಿಡಿದೇ ಹೋದರು. ಎರಡನೇ ತರಗತಿಯ ಕೋಣೆ 8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ, ಅಂದರೆ 144 ಘನ ಮೀಟರ್. ಕಿಟಕಿ ಎರಡು ಬದಿಗೂ ಇವೆ. ಮಕ್ಕಳನ್ನು ಎರಡು ತಂಡ ಮಾಡಿ ಒಮ್ಮೆಗೆ 15 ಮಕ್ಕಳು, ಒಬ್ಬರು ಟೀಚರ್, ದಿನಕ್ಕೆ ಮೂರು ಗಂಟೆ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿ ಹೇಳಿದ ಮಟ್ಟ ಹಿಡಿದರೆ 16 ಜನಕ್ಕೆ ಸೆಕೆಂಡಿಗೆ 160 ಲೀಟರ್, ಗಂಟೆಗೆ 576 ಘನ ಮೀಟರ್. ಕೋಣೆಯ ಗಾಳಿ ಗಂಟೆಗೆ ನಾಲ್ಕು ಸಲ ಬದಲಾದರೆ ಸಾಕು. ಎರಡೂ ಬದಿಯ ಕಿಟಕಿ ತೆರೆದಿಟ್ಟರೆ ಇದು ಕಷ್ಟವಲ್ಲ.

ಮಗಳ ಒಂಬತ್ತನೇ ತರಗತಿಯ ಕೋಣೆಯದೂ ಅದೇ ಅಳತೆ. ಆದರೆ ಅಲ್ಲಿ ತಂಡ ಮಾಡಿಲ್ಲ, 42 ಮಕ್ಕಳು ಒಟ್ಟಿಗೇ. 43 ಜನಕ್ಕೆ ಅದೇ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು ಹನ್ನೊಂದು ಸಲ ಗಾಳಿ ಬದಲಾಗಬೇಕು. ಕಿಟಕಿ ಒಂದೇ ಬದಿಗಿರುವ ಕೋಣೆಯಲ್ಲಿ ಅದು ಆಗದ ಮಾತು. ದಿನಕ್ಕೆ ಆರು ಗಂಟೆ, ಏಳು ಜನ ಶಿಕ್ಷಕರು, ಮೇಲೆ ಎಸಿ ಹಾಕಿ ಕಿಟಕಿ ಸೀಲ್ ಮಾಡಿದ ಕಂಪ್ಯೂಟರ್ ಲ್ಯಾಬು. ಎಸಿ ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಕೋಣೆಗೇ ಬಿಡುತ್ತದೆ, ಹೊಸ ಗಾಳಿ ತರುವುದಿಲ್ಲ. 2020ರ ಮೇ ತಿಂಗಳಲ್ಲಿ ಜೆರುಸಲೇಂನ ಒಂದು ಪ್ರೌಢಶಾಲೆಯಲ್ಲಿ ಬಿಸಿಗಾಳಿಯೆಂದು ಮಾಸ್ಕಿಗೆ ವಿನಾಯಿತಿ ಕೊಟ್ಟು, ಎಸಿ ಹಾಕಿ ಪಾಠ ನಡೆಸಿದಾಗ 153 ವಿದ್ಯಾರ್ಥಿಗಳಿಗೆ ಮತ್ತು 25 ಸಿಬ್ಬಂದಿಗೆ ಸೋಂಕು ತಗಲಿತ್ತು.

ಮುಖ್ಯೋಪಾಧ್ಯಾಯರು “ನಮ್ಮ ಕೋಣೆಗಳಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ನೀವೇ ನೋಡಿ” ಎಂದು ಖಾಲಿ ಕೋಣೆ ತೋರಿಸಿದರು. ಖಾಲಿ ಕೋಣೆ ನೋಡಿ ತಿಳಿಯುವುದು ಏನೂ ಇಲ್ಲ. ತಿಳಿಯಬೇಕಾದರೆ ಇಂಗಾಲದ ಡೈಆಕ್ಸೈಡ್ ಮೀಟರ್ ಬೇಕು, ಏಕೆಂದರೆ ನಾವು ಹೊರಬಿಟ್ಟ ಉಸಿರು ಎಷ್ಟು ಉಳಿದಿದೆ ಎಂಬುದನ್ನು ಅದು ಹೇಳುತ್ತದೆ. ಎನ್‌ಡಿಐಆರ್ ಸೆನ್ಸರ್ (ಅತಿಗೆಂಪು ಬೆಳಕಿನಿಂದ ಈ ಅನಿಲವನ್ನು ಅಳೆಯುವಂಥದ್ದು) ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಮೊದಲು ಬಯಲಿನಲ್ಲಿಟ್ಟು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ತೋರಿಸುತ್ತದೆಯೇ ನೋಡಬೇಕು. ಕೋಣೆಯಲ್ಲಿ ಕೂತವರ ತಲೆಯ ಮಟ್ಟಕ್ಕೆ, ಕಿಟಕಿಯಿಂದಲೂ ಯಾರದೇ ಮುಖದಿಂದಲೂ ಒಂದು ಮೀಟರ್ ದೂರ ಇಟ್ಟು, ಮಕ್ಕಳು ತುಂಬಿ ಒಂದು ಗಂಟೆ ಕಳೆದ ಮೇಲೆ ಓದಬೇಕು. 800ರ ಸುತ್ತ ಇದ್ದರೆ ಒಳ್ಳೆಯದು, 1,500 ದಾಟಿದರೆ ಒಬ್ಬರ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ಒಂದು ಎಚ್ಚರಿಕೆ: ಹೆಪಾ ಫಿಲ್ಟರ್ ಯಂತ್ರ ವೈರಸ್ಸನ್ನು ಹಿಡಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡನ್ನು ಇಳಿಸುವುದಿಲ್ಲ. ಫಿಲ್ಟರ್ ಇರುವ ಕೋಣೆಯಲ್ಲಿ ಮೀಟರಿನ ಅಂಕಿಯೊಂದನ್ನೇ ನಂಬುವಂತಿಲ್ಲ. ಗಂಟೆಗೆ 300 ಘನ ಮೀಟರ್ ಶುದ್ಧ ಗಾಳಿ ಕೊಡುವ ಒಂದು ಯಂತ್ರ 144 ಘನ ಮೀಟರಿನ ಕೋಣೆಗೆ ಗಂಟೆಗೆ ಎರಡು ಸಲ ಗಾಳಿ ಬದಲಿಸಿದ್ದಕ್ಕೆ ಸಮ.

ಗಾಳಿಯೊಂದೇ ಸಾಲದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 2021ರ ಮೇ ತಿಂಗಳಲ್ಲಿ ನಡೆದದ್ದನ್ನು ಎಲ್ಲ ಪಾಲಕರೂ ತಿಳಿದಿರಬೇಕು. ಅಲ್ಲಿನ ಪ್ರಾಥಮಿಕ ಶಾಲೆಯ ತರಗತಿಯಲ್ಲಿ ಬಾಗಿಲು ಕಿಟಕಿ ತೆರೆದಿದ್ದವು, ಫಿಲ್ಟರ್ ಇತ್ತು, ಡೆಸ್ಕುಗಳ ನಡುವೆ ಆರು ಅಡಿ ಅಂತರವಿತ್ತು. ಲಸಿಕೆ ಪಡೆಯದ ಶಿಕ್ಷಕರೊಬ್ಬರು ನೆಗಡಿ ಲಕ್ಷಣವನ್ನು ಅಲರ್ಜಿ ಎಂದುಕೊಂಡು ಎರಡು ದಿನ ಪಾಠಕ್ಕೆ ಬಂದರು, ಗಟ್ಟಿಯಾಗಿ ಓದಿ ಹೇಳುವಾಗ ಮಾಸ್ಕ್ ತೆಗೆದರು. 24 ಮಕ್ಕಳಲ್ಲಿ 12 ಮಂದಿಗೆ ಸೋಂಕು. ಮುಂದಿನ ಎರಡು ಸಾಲಿನ 10 ಮಕ್ಕಳಲ್ಲಿ 8 ಮಂದಿಗೆ. ಈ ಕುಟುಂಬ ಶಾಲೆಗೆ ಕೇಳಿದ ಪ್ರಶ್ನೆಗಳಲ್ಲಿ ಮೊದಲನೆಯದು ಇದರಿಂದಲೇ ಹುಟ್ಟಿತು: ಎರಡನೇ ತರಗತಿಯ ಟೀಚರಿಗೆ ಲಸಿಕೆ ಆಗಿದೆಯೇ, ಮೈ ಸರಿಯಿಲ್ಲದ ದಿನ ಅವರ ಬದಲಿಗೆ ಯಾರು ಬರುತ್ತಾರೆ? ಬದಲಿ ಇಲ್ಲದ ಶಾಲೆಯಲ್ಲಿ ಟೀಚರ್ ನೆಗಡಿಯಲ್ಲೂ ಬರುತ್ತಾರೆ, ಬರದೆ ಅವರಿಗೆ ದಾರಿ ಇರುವುದಿಲ್ಲ.

ಎರಡನೆಯ ಬೇಡಿಕೆ ಒಂದು ಚಿಕ್ಕ ಮೈಕು. ಗಟ್ಟಿ ದನಿ ಮೆಲುದನಿಗಿಂತ ಎಷ್ಟೋ ಪಟ್ಟು ಹೆಚ್ಚು ಕಣಗಳನ್ನು ಗಾಳಿಗೆ ಬಿಡುತ್ತದೆ. ಮಾಸ್ಕಿನೊಳಗಿಂದ ಕೂಗಿ ಕೂಗಿ ಸಾಕಾಗಿಯೇ ಶಿಕ್ಷಕರು ಮಾಸ್ಕ್ ಇಳಿಸುವುದು. ಸೊಂಟಕ್ಕೆ ಕಟ್ಟಿಕೊಳ್ಳುವ ಮೈಕು ಈ ಎರಡನ್ನೂ ಒಂದೇ ಸಲ ಸರಿಮಾಡುತ್ತದೆ. ಶಾಲೆ ತಕ್ಷಣ ಒಪ್ಪಿತು.

ಮನೆಯಲ್ಲೇ ಉಳಿದರೆ

ಈ ನಷ್ಟವನ್ನು ಅಳೆಯದೆ ಬಿಡುವ ಪಾಲಕರೇ ಹೆಚ್ಚು, ಏಕೆಂದರೆ ಇದು ಕೆಮ್ಮುವುದಿಲ್ಲ, ಜ್ವರ ಬರಿಸುವುದಿಲ್ಲ. ಅಮ್ಮ ಮಗನ ಮುಂದೆ ಒಂದನೇ ತರಗತಿಯ ಪುಸ್ತಕದ, ಅವನು ಬಾಯಿಪಾಠ ಮಾಡಿರದ ಒಂದು ಪುಟ ಇಟ್ಟರು. ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿದ, ಒತ್ತಕ್ಷರ ಬಂದಲ್ಲೆಲ್ಲ ನಿಂತ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತ. ಆನ್‌ಲೈನ್ ಪಾಠದಲ್ಲಿ ಅವನು ಹಿಂದೆ ಬಿದ್ದದ್ದು ಯಾರಿಗೂ ಗೊತ್ತಾಗಿರಲಿಲ್ಲ, ಅಕ್ಕ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುತ್ತಿದ್ದಳು. ಏಳನೇ ವಯಸ್ಸಿನಲ್ಲಿ ಓದು ಕೂಡಿಬರದಿದ್ದರೆ ಮುಂದಿನ ಎಲ್ಲ ವಿಷಯವೂ ಕುಂಟುತ್ತದೆ. ಪರದೆಯ ಮುಂದೆ ಕೂರಿಸಿ ಇದನ್ನು ಕಲಿಸುವುದು ಬಲು ಕಷ್ಟ.

ಮಗಳ ನಷ್ಟ ಬೇರೆ ಬಗೆಯದು. ಪಾಠ ಹಿಂದೆ ಬಿದ್ದಿರಲಿಲ್ಲ. ರಾತ್ರಿ ಎರಡರವರೆಗೆ ಎಚ್ಚರ, ಕ್ಯಾಮೆರಾ ಆಫ್, ಊಟಕ್ಕೆ ಕರೆದರೆ ಸಿಡುಕು, ಗೆಳತಿಯರ ಹೆಸರೇ ಬಾಯಲ್ಲಿಲ್ಲ. ಅವಳಿಗೆ ಬೇಕಾಗಿದ್ದುದು ತರಗತಿಗಿಂತ ಜೊತೆ.

ಶಾಲೆಯ ಒಳಗಿನ ಅತಿ ಉಪಯುಕ್ತ ಸುದ್ದಿ ಸಿಕ್ಕಿದ್ದೂ ಅವಳಿಂದಲೇ. ಒಂದು ತಿಂಗಳು ಮೊದಲೇ ಶುರುವಾಗಿದ್ದ ಹತ್ತನೇ ತರಗತಿಯವರನ್ನು ಕೇಳಿ ಬಂದು ಹೇಳಿದಳು: “ಅಮ್ಮಾ, ಸರ್ ಇರೋವಾಗ ಮಾತ್ರ ಮಾಸ್ಕ್. ಲ್ಯಾಬಲ್ಲಿ ಯಾರೂ ಹಾಕಲ್ಲ. ಊಟಕ್ಕೆ ಎಲ್ಲರೂ ಒಂದೇ ಬೆಂಚು.” ಈ ವಯಸ್ಸಿನ ಮಕ್ಕಳನ್ನು ಪಕ್ಕಕ್ಕಿಟ್ಟು ಅವರ ಬಗ್ಗೆ ತೀರ್ಮಾನ ಮಾಡುವುದರಿಂದ ಮಾಹಿತಿಯೂ ಹೋಗುತ್ತದೆ, ಮುಂದೆ ನಿಯಮ ಪಾಲಿಸುವ ಮನಸ್ಸೂ ಹೋಗುತ್ತದೆ.

ಎರಡು ಉತ್ತರ

ಸಾಮಾನ್ಯವಾಗಿ ಮನೆಗಳಲ್ಲಿ ಬರುವ ತೀರ್ಮಾನ ದೊಡ್ಡವಳನ್ನು ಕಳಿಸಿ ಚಿಕ್ಕವನನ್ನು ಉಳಿಸಿಕೊಳ್ಳುವುದು. ಪರೀಕ್ಷೆ ಹತ್ತಿರ ಬಂತು, ಚಿಕ್ಕವನಿಗೆ ಏನು ಅವಸರ ಎಂಬ ವಾದ. ಇಲ್ಲಿ ಲೆಕ್ಕ ತಿರುಗಿ ನಿಂತಿತು. ಮಗ ಮೊದಲ ದಿನದಿಂದಲೇ ಹೋಗುವುದು. ಮಗಳು ಎರಡನೇ ಡೋಸ್ ಆಗಿ ಎರಡು ವಾರ ಕಳೆದ ಮೇಲೆ ಹೋಗುವುದು, ಅಂದರೆ ಐದು ವಾರ ತಡವಾಗಿ. ಅಲ್ಲಿಯವರೆಗೆ ವಾರಕ್ಕೆ ಮೂರು ಸಂಜೆ ಇಬ್ಬರು ಗೆಳತಿಯರ ಜೊತೆ ಬಯಲಿನಲ್ಲಿ ನಡಿಗೆ. ತಮ್ಮ ಮೊದಲು ಹೋಗುತ್ತಾನೆಂದು ಅವಳಿಗೆ ಸಿಟ್ಟು ಬಂತು. ಎರಡು ಕೋಣೆಯ ಲೆಕ್ಕ ಬರೆದು ತೋರಿಸಿದ ಮೇಲೆ ಸಿಟ್ಟು ಹೋಗದಿದ್ದರೂ ವಾದ ನಿಂತಿತು.

ಒಪ್ಪಿಗೆ ಪತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ. ಮಗನದರಲ್ಲಿ ‘ಕಳಿಸುತ್ತೇವೆ’, ಮಗಳದರಲ್ಲಿ ‘ಕಳಿಸುವುದಿಲ್ಲ’ ಗುರುತು ಹಾಕಿ ಕೆಳಗೆ ಕೈಯಲ್ಲಿ ತಾರೀಖು ಬರೆದರು. ಜೊತೆಗೆ ಒಂದು ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದರು. ಅದರಲ್ಲಿ ಬರೆದದ್ದು ತೀರ್ಮಾನವನ್ನು ಯಾವಾಗ ಬದಲಿಸಬೇಕು ಎಂಬುದು: ತರಗತಿಯಲ್ಲಿ ಯಾರಿಗಾದರೂ ಸೋಂಕು ಖಚಿತವಾದರೆ ಮಗನ ಶಾಲೆ ನಿಲ್ಲುವುದು, ಅಜ್ಜಿಗೆ ಕೆಮ್ಮು ಹೆಚ್ಚಾದರೆ ಇಬ್ಬರದೂ ನಿಲ್ಲುವುದು, ಊರಿನ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಸ್ಥಿತಿ ಬಂದರೆ ಯಾರ ಒತ್ತಾಯವನ್ನೂ ಕೇಳದೆ ನಿಲ್ಲಿಸುವುದು, ಇಲ್ಲದಿದ್ದರೆ ಎರಡು ವಾರಕ್ಕೊಮ್ಮೆ ಭಾನುವಾರ ಕೂತು ಮಾತಾಡುವುದು. ಮೊದಲೇ ಬರೆದಿಡಬೇಕು. ಭಯ ಹುಟ್ಟಿದ ರಾತ್ರಿ ಯಾರ ತಲೆಯೂ ನೆಟ್ಟಗೆ ಓಡುವುದಿಲ್ಲ.

ತಯಾರಿ ಹತ್ತು ದಿನ ಹಿಡಿಯಿತು. ಮೂರು ಪದರದ ಮಾಸ್ಕನ್ನು ಮಗ ಮೊದಲ ದಿನ 20 ನಿಮಿಷ ಹಾಕಿದ, ದಿನಾ ಸ್ವಲ್ಪ ಹೆಚ್ಚಿಸಿ ಎರಡು ಗಂಟೆಗೆ ಬಂದ. ಮೂಗಿನ ಮೇಲೆ ತಂತಿ ಇರುವುದನ್ನೇ ಆರಿಸಿದರು, ಕನ್ನಡಕ ಹಾಕಿಸಿ ನೋಡಿ ಮಂಜು ಕವಿದರೆ ಮೇಲಿಂದ ಗಾಳಿ ಸೋರುತ್ತಿದೆ ಎಂದು ತಿಳಿದು ಸರಿಮಾಡಿದರು. ಒದ್ದೆಯಾದ ಮಾಸ್ಕ್ ಉಸಿರಿಗೆ ಭಾರ, ಮಗು ಅದನ್ನು ಗಲ್ಲಕ್ಕೆ ಇಳಿಸುತ್ತದೆ. ಅದಕ್ಕೇ ಚೀಲದಲ್ಲಿ ಎರಡು ಒಣ ಮಾಸ್ಕು, ತೆಗೆದದ್ದು ಹಾಕಲು ಬೇರೆ ಬಣ್ಣದ ಒಂದು ಸಂಚಿ. ವ್ಯಾನಿನಲ್ಲಿ ಎದುರುಬದುರಿನ ಮೂಲೆಗಳ ಎರಡು ಕಿಟಕಿ ನಾಲ್ಕು ಬೆರಳು ತೆರೆದಿರಬೇಕು ಎಂದು ಚಾಲಕರೊಂದಿಗೆ ಮಾತಾಯಿತು. ಮಾಸ್ಕ್ ತೆಗೆಯುವ ಹೊತ್ತೇ ಅತಿ ಅಪಾಯದ ಹೊತ್ತು, ಹಾಗಾಗಿ ಎರಡನೇ ತರಗತಿಯ ತಿಂಡಿಯ ಬಿಡುವನ್ನು ಶಾಲೆ ಮರದ ಕೆಳಗೆ ಹಾಕಿತು. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುವುದು, ತಿಂದು ಮಾಸ್ಕ್ ಹಾಕಿದ ಮೇಲೆಯೇ ಮಾತು.

ಮನೆಯಲ್ಲಿ ಅಜ್ಜಿಗೆ ಕಿಟಕಿ ಇರುವ ಕೋಣೆ, ಮಗ ಅಲ್ಲಿ ಮಲಗುವಂತಿಲ್ಲ. ರಾತ್ರಿಯ ಕತೆ ಸಂಜೆಗೆ ಬದಲಾಯಿತು, ಬಾಗಿಲ ಹೊರಗೆ.

ಮೂರನೇ ವಾರ

ಎರಡು ಕಡೆ ಕೈತಪ್ಪಿತು. ಮೊದಲನೆಯದು ಮಳೆ. ಎರಚಲು ಬರುತ್ತದೆಂದು ಆಯಾ ಎಲ್ಲ ಕಿಟಕಿ ಮುಚ್ಚಿದರು. ಪಾಲಕರೊಬ್ಬರು ಕೊಟ್ಟಿದ್ದ ಮೀಟರ್ ಕಪಾಟಿನ ಮೇಲಿತ್ತು, ಒಂದು ಗಂಟೆಯಲ್ಲಿ 1,800 ತೋರಿಸಿತು. ಟೀಚರ್ ಗಾಳಿ ಬೀಸದ ಬದಿಯ ಕಿಟಕಿಗಳನ್ನು ಪೂರ್ತಿ ತೆರೆದು, ಬಾಗಿಲಿಗೆ ಕಲ್ಲು ಕೊಟ್ಟು, ಎದುರು ಬದಿಯ ಮೇಲಿನ ವೆಂಟಿಲೇಟರ್ ತೆರೆಸಿದರು. ಇಪ್ಪತ್ತು ನಿಮಿಷದಲ್ಲಿ 900ಕ್ಕೆ ಇಳಿಯಿತು. ಸೀಲಿಂಗ್ ಫ್ಯಾನ್ ಹಾಕಿದರೆ ಸಾಕೆಂಬ ನಂಬಿಕೆ ಅಂದೇ ಹೋಯಿತು, ಅದು ಒಳಗಿನ ಗಾಳಿಯನ್ನೇ ಕಲಕುತ್ತದೆ. ಕಿಟಕಿಯಲ್ಲಿ ಹೊರಮುಖವಾಗಿಟ್ಟ ಫ್ಯಾನ್ ಮಾತ್ರ ಗಾಳಿಯನ್ನು ಹೊರಗೆಳೆಯುತ್ತದೆ.

ಎರಡನೆಯದು ಮನೆಯ ತಪ್ಪು. ಮಂಗಳವಾರದವರೆಗೆ ಮಗನ ಪಕ್ಕ ಕೂತಿದ್ದ ಹುಡುಗನಿಗೆ ಅಂದು ರಾತ್ರಿ ಮೂಗು ಸೋರಿತು, ಬುಧವಾರ ಪರೀಕ್ಷೆಗೆ ಕೊಟ್ಟರು, ಗುರುವಾರ ಸಂಜೆ ಪಾಸಿಟಿವ್ ಬಂತು. ಶಾಲೆ ಮನೆಗಳಿಗೆ ತಿಳಿಸಿದ್ದು ಶುಕ್ರವಾರ ಮಧ್ಯಾಹ್ನ. ಅಷ್ಟರಲ್ಲಿ ನಿಯಮ ಸಡಿಲವಾಗಿ ಮಗ ಬುಧವಾರ, ಗುರುವಾರ ಎರಡೂ ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗಿದ್ದ. ಅವನಿಗೆ ಗುಡುಗಿನ ಹೆದರಿಕೆ, ಅಜ್ಜಿಗೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ನಿಯಮಗಳು ಸಡಿಲವಾಗುವುದು ಹೀಗೇ, ಪ್ರೀತಿಯಿಂದ.

ಶುಕ್ರವಾರ ಮಾಡಿದ ರಾಪಿಡ್ ಟೆಸ್ಟ್ ನೆಗೆಟಿವ್. ಅಪ್ಪ ನಿಟ್ಟುಸಿರು ಬಿಟ್ಟರು, ಬಿಡಬಾರದಿತ್ತು. ತಗಲಿದ ಮೂರನೇ ದಿನಕ್ಕೆ ವೈರಸ್ ಆ ಟೆಸ್ಟಿಗೆ ಕಾಣುವಷ್ಟು ಬೆಳೆದಿರಬೇಕೆಂದಿಲ್ಲ. ಡೆಲ್ಟಾದಲ್ಲಿ ಲಕ್ಷಣ ಬರಲು ಸರಾಸರಿ ನಾಲ್ಕು ದಿನ, ಕೆಲವರಲ್ಲಿ ಇನ್ನೂ ತಡ. 48 ಗಂಟೆ ಬಿಟ್ಟು ಭಾನುವಾರ ಮತ್ತೆ ಮಾಡಿದರು, ಮಂಗಳವಾರ ಆರ್‌ಟಿಪಿಸಿಆರ್. ಮೂರೂ ನೆಗೆಟಿವ್. ಆದರೂ ಕೊನೆಯ ಸಂಪರ್ಕದಿಂದ ಹತ್ತು ದಿನ ಮಗ ಅಜ್ಜಿಯ ಕೋಣೆಗೆ ಹೋಗಲಿಲ್ಲ, ಮನೆಯೊಳಗೂ ಮಾಸ್ಕ್ ಹಾಕಿದ. ಅಜ್ಜಿಯ ಬೆರಳಿಗೆ ದಿನಕ್ಕೆ ಎರಡು ಬಾರಿ ಆಕ್ಸಿಮೀಟರ್ ಹಾಕಿ ಬರೆದಿಟ್ಟರು. ಅವರ ಶ್ವಾಸಕೋಶದ ತೊಂದರೆಯಿಂದಾಗಿ ಎಲ್ಲರಿಗೂ ಹೇಳುವ ಅಂಕಿ ಅವರಿಗೆ ಹೊಂದದು, ಯಾವ ಅಂಕಿಗೆ ಇಳಿದರೆ ಫೋನ್ ಮಾಡಬೇಕೆಂದು ವೈದ್ಯರಿಂದ ಮೊದಲೇ ಕೇಳಿ ಬರೆದುಕೊಂಡಿದ್ದರು.

ಆ ಮನೆಗೆ ಸೋಂಕು ಬರಲಿಲ್ಲ. ತೀರ್ಮಾನ ಸರಿಯಿತ್ತು ಎಂಬುದಕ್ಕೆ ಇದು ಪುರಾವೆಯಲ್ಲ. ಅದೇ ಎಚ್ಚರಿಕೆಯಲ್ಲಿದ್ದ ಇನ್ನೊಂದು ಮನೆಗೆ ಬಂದಿರಬಹುದು. ಆ ಭಾನುವಾರದ ಮಾತುಕತೆಯಲ್ಲಿ ಅವರು ಚರ್ಚಿಸಿದ್ದು ಎರಡೇ ವಿಷಯ: ಸುದ್ದಿ ತಲುಪಲು ಮೂರು ದಿನ ಹಿಡಿದದ್ದು, ಗುಡುಗಿನ ರಾತ್ರಿ. ಮೊದಲನೆಯದಕ್ಕೆ, ಮಗು ಪರೀಕ್ಷೆಗೆ ಕೊಟ್ಟ ದಿನವೇ ತರಗತಿಯ ಪಾಲಕರಿಗೆ ಹೆಸರು ಹೇಳದೆ ಒಂದು ಸಾಲಿನ ಸಂದೇಶ ಹಾಕುವುದೆಂದು ಶಾಲೆಯೊಂದಿಗೆ ಒಪ್ಪಂದವಾಯಿತು. ಎರಡನೆಯದಕ್ಕೆ ಮಗನ ಹಾಸಿಗೆ ಅಕ್ಕನ ಕೋಣೆಗೆ ಹೋಯಿತು.

ಮಗಳು ಗೊತ್ತುಮಾಡಿದ ದಿನವೇ ಶಾಲೆಗೆ ಹೋದಳು. ಎರಡನೇ ತರಗತಿಯಿಂದ ಮೀಟರ್ ಕೇಳಿ ತೆಗೆದುಕೊಂಡು ಕಂಪ್ಯೂಟರ್ ಲ್ಯಾಬಿಗೆ ಒಯ್ದಳು. 25 ನಿಮಿಷಕ್ಕೇ ಅಂಕಿ 2,700. ಅದರ ಫೋಟೋ ತೆಗೆದು ಮುಖ್ಯೋಪಾಧ್ಯಾಯರಿಗೆ ತೋರಿಸಿದಳು. ಮುಂದಿನ ವಾರದಿಂದ ಕಂಪ್ಯೂಟರ್ ಪಾಠ ತರಗತಿಯಲ್ಲೇ ನಡೆಯಿತು, ಲ್ಯಾಬಿಗೆ ಒಮ್ಮೆಗೆ 14 ಮಕ್ಕಳು, 20 ನಿಮಿಷ, ನಂತರ ಬಾಗಿಲು ತೆರೆದು ಕೋಣೆ ಖಾಲಿ ಬಿಡುವುದು. ಮೀಟರ್ 1,100 ದಾಟಲಿಲ್ಲ.